ಬಯಲು ಕಂಡಲ್ಲೆಲ್ಲ ಗುಂಡಿ ತೋಡಬೇಡಿ

ಮಾನ್ಯ ಸಂಪಾದಕರೇ,

ಗ್ರಾಮ ಪಂಚಾಯಿತಿಗಳಲ್ಲಿ ಮುಂದಿನ ಸಾಲಿನ ಕ್ರಿಯಾ ಯೋಜನೆ ಸಿದ್ಧವಾಗುವ ಕಾಲ ಇದು. ಜುಲೈ ಮೊದಲ ವಾರದ ವನಮಹೋತ್ಸವಕ್ಕೆ ಎಷ್ಟು ಸಸಿ, ಎಷ್ಟು ಗುಂಡಿ, ಯಾವ ಸರ್ವೆ ನಂಬರಿನಲ್ಲಿ ಎಂಬುದೆಲ್ಲ ಈಗಲೇ ಬರೆದು ಮುಗಿಯುತ್ತದೆ. ಬೇಸಿಗೆಯಲ್ಲಿ ಗುಂಡಿ ಬೀಳುತ್ತವೆ, ಮಳೆಗಾಲದಲ್ಲಿ ಫೋಟೊ ಬೀಳುತ್ತದೆ. ಜಾಗ ಹುಡುಕುವಾಗ ಎಲ್ಲರ ಕಣ್ಣು ಹೋಗುವುದು ಗಿಡಮರ ಇಲ್ಲದ ಬಯಲಿನ ಕಡೆಗೇ. ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಮಟ್ಟಿಗೆ ದೊಡ್ಡ ಹಾನಿ ಆಗುತ್ತಿರುವುದು ಇಲ್ಲೇ. ಎಲ್ಲಿ ನೆಡಬೇಕು, ಎಲ್ಲಿ ನೆಡಲೇಬಾರದು, ನೆಡಬಾರದ ಕಡೆ ಅದೇ ಕೂಲಿ ಹಣದಲ್ಲಿ ಏನು ಮಾಡಬಹುದು ಎಂಬುದನ್ನು ಯೋಜನೆಗೆ ಮಂಜೂರಾತಿ ಸಿಗುವ ಮೊದಲೇ ಹೇಳಬೇಕೆಂದು ಈ ಪತ್ರ.

ನಮ್ಮದು ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಸೀಮೆ. ಇಷ್ಟು ಮಳೆಯಲ್ಲಿ ಮಲೆನಾಡು ಹುಟ್ಟುವುದಿಲ್ಲ, ಹುಟ್ಟಬೇಕಾಗಿಯೂ ಇಲ್ಲ. ಇಲ್ಲಿ ಇರುವುದು ಮಸಾರಿ (ಕೆಂಪು ಮಣ್ಣಿನ) ಬಯಲಿನ ಹುಲ್ಲುಗಾವಲು, ಎರೆ (ಕಪ್ಪು ಮಣ್ಣಿನ) ಹೊಲ, ಬಂಡೆಗುಡ್ಡದ ಕುರುಚಲು ಅಡವಿ, ಕೃಷ್ಣಾ–ತುಂಗಭದ್ರೆಯರ ಮಡು ಮತ್ತು ನಡುಗಡ್ಡೆ, ಹಳೇ ಕೆರೆಗಳು, ಸಂಡೂರಿನ ಅದಿರು ಬೆಟ್ಟ. ಒಂದೊಂದರ ಗುಣ ಒಂದೊಂದು, ಅದರಲ್ಲಿರುವ ಪ್ರಾಣಿಯೂ ಬೇರೆ. ಹೀಗಿರುವಾಗ ಎಲ್ಲದಕ್ಕೂ ಒಂದೇ ಅಂದಾಜು ಪಟ್ಟಿ, ಒಂದೇ ಅಳತೆಯ ಗುಂಡಿ.

ಹುಲ್ಲುಗಾವಲಿನಿಂದಲೇ ಶುರು ಮಾಡೋಣ, ಏಕೆಂದರೆ ಕಾಗದದಲ್ಲಿ ಅದಕ್ಕೆ ಸ್ಥಾನವೇ ಇಲ್ಲ. ಪಹಣಿಯಲ್ಲಿ ಖರಾಬು, ಯೋಜನೆಯಲ್ಲಿ ಬಂಜರು. ಗಂಗಾವತಿ–ಕನಕಗಿರಿ ಭಾಗದ ಬಂಕಾಪುರದಲ್ಲಿ ತೋಳಗಳಿಗಾಗಿಯೇ 332 ಹೆಕ್ಟೇರ್ ಮೀಸಲಿಟ್ಟಿರುವುದು ಎಲ್ಲರಿಗೂ ಗೊತ್ತು. ದೇಶದಲ್ಲಿ ತೋಳಕ್ಕೆಂದೇ ಇರುವ ಅಭಯಾರಣ್ಯ ಜಾರ್ಖಂಡ್‌ನ ಮಹುವಾಡಾಂಡ್ ಬಿಟ್ಟರೆ ಬಲು ವಿರಳ, ಆದ್ದರಿಂದ ಇದು ಸಣ್ಣ ಸಾಧನೆಯಲ್ಲ. ಆದರೆ 332 ಹೆಕ್ಟೇರ್ ಎಂದರೆ ಮೂರೂಕಾಲು ಚದರ ಕಿ.ಮೀ. ಒಂದು ತೋಳದ ಗುಂಪು ಬದುಕಲು ಓಡಾಡುವ ಸೀಮೆ ನೂರು ಚದರ ಕಿ.ಮೀ. ದಾಟುತ್ತದೆ. ಧಾಮದಲ್ಲಿ ಅದು ಮರಿ ಹಾಕೀತು, ಹಗಲು ಮಲಗೀತು. ಬೇಟೆ, ನೀರು, ಬೆಳೆದ ಮರಿಗಳ ವಲಸೆ ಎಲ್ಲವೂ ಸುತ್ತಲಿನ ಗೋಮಾಳ, ಹಳ್ಳದ ದಂಡೆ, ಪಡ ಬಿಟ್ಟ ಹೊಲಗಳಲ್ಲೇ. ಆ ಗೋಮಾಳಗಳೇ ಈಗ ಗುಂಡಿ ತೋಡಲು ಪಟ್ಟಿಯಾಗುತ್ತಿವೆ.

ಗುಂಡಿ ತೋಡಿದರೆ ಆಗುವುದೇನು? ಬೇರೆಡೆ ಹೋದ ಕಾಡಿಗೆ ಬದಲಾಗಿ ಸಸಿ ನೆಡುವ ಪರ್ಯಾಯ ಅರಣ್ಯೀಕರಣದ ಲೆಕ್ಕ ಹೆಕ್ಟೇರಿಗೆ ಸಾವಿರ ಸಸಿ. ಅಂದರೆ ಸಾವಿರ ಗುಂಡಿ, ಜತೆಗೆ ಇಳಿಜಾರಿಗೆ ಅಡ್ಡಲಾಗಿ ಕಂದಕ. ಮಸಾರಿಯಲ್ಲಿ ಮೇಲ್ಮಣ್ಣು ಗೇಣುದ್ದ ಇದ್ದರೆ ಹೆಚ್ಚು, ಕೆಳಗೆ ಗರಸು. ಕಂದಕ ತೆಗೆದಾಗ ಗರಸು ಮೇಲೆ ಬರುತ್ತದೆ, ಮೇಲ್ಮಣ್ಣು ಅಡಿಗೆ ಹೋಗುತ್ತದೆ. ಕರಡದಂಥ ಬಹುವಾರ್ಷಿಕ ಹುಲ್ಲಿನ ಬುಡ ಒಮ್ಮೆ ಕಿತ್ತರೆ ತಾನಾಗಿ ಮರಳಿ ಬರಲು ಹಲವು ವರ್ಷ ಬೇಕು. ಕೆದಕಿದ ಮಣ್ಣಿಗೆ ಮೊದಲು ಬಂದು ಕೂರುವುದು ಪಾರ್ಥೇನಿಯಂ, ಆಮೇಲೆ ಬಳ್ಳಾರಿ ಜಾಲಿ. ಸಸಿ ಬದುಕಿದರೆ ನೆರಳಿಗೆ ಹುಲ್ಲು ಸಾಯುತ್ತದೆ, ಸತ್ತರೆ ಗುಂಡಿಯೊಂದೇ ಉಳಿಯುತ್ತದೆ. ಎರಡರಲ್ಲಿ ಯಾವುದಾದರೂ ಬಯಲಲ್ಲಿ ಗೂಡು ಮಾಡುವ ಹಕ್ಕಿಗೆ, ದೂರಕ್ಕೆ ಕಣ್ಣು ಹಾಯಿಸಿ ಬದುಕುವ ಕೃಷ್ಣಮೃಗಕ್ಕೆ, ಮೇವಿಗೆ ಬರುವ ಕುರಿಗೆ ನಷ್ಟವೇ. ರಾಣೆಬೆನ್ನೂರಿನ ಪಾಠ ನಮ್ಮ ಪಕ್ಕದಲ್ಲೇ ಇದೆ. ಕೃಷ್ಣಮೃಗ ಮತ್ತು ಎರೆಭೂತ ಎಂಬ ದೊಡ್ಡ ಹಕ್ಕಿಗೆಂದು 1974ರಲ್ಲಿ ಅಭಯಾರಣ್ಯವಾದ ಆ ಬಯಲಿನ ಬಹುಭಾಗ ನೀಲಗಿರಿ ನೆಡುತೋಪು. ಎರೆಭೂತ ಅಲ್ಲಿಂದ ಕಾಲ್ಕಿತ್ತಿತು.

ಬದಲಿಗೆ ಮಾಡಬೇಕಾದ ಕೆಲಸಕ್ಕೂ ಕೂಲಿ ದಿನಗಳು ಬೇಕು, ಹಾಗಾಗಿ ಉದ್ಯೋಗದ ಲೆಕ್ಕಕ್ಕೆ ಕುಂದಿಲ್ಲ. ಅಕ್ಟೋಬರ್–ನವೆಂಬರ್‌ನಲ್ಲಿ ಹುಲ್ಲು ತೆನೆ ಒಣಗಿ ಬೀಜ ಉದುರುವ ಮುನ್ನ ಅದೇ ಊರಿನ ಒಳ್ಳೆಯ ಹುಲ್ಲುಗಾವಲಿನಿಂದ ಬೀಜ ಕೊಯ್ಯಬೇಕು. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿಟ್ಟರೆ ಬೇಸಿಗೆ ಕಳೆಯುವಷ್ಟರಲ್ಲಿ ಬೀಜದ ಸುಪ್ತಾವಸ್ಥೆ ಮುಗಿದಿರುತ್ತದೆ. ಹೊಸ ಬೀಜವನ್ನು ಕೂಡಲೇ ಬಿತ್ತಿದರೆ ಮೊಳಕೆ ಕಡಿಮೆ. ಮೊದಲ ಹದಮಳೆಗೆ ಹೆಕ್ಟೇರಿಗೆ 5–6 ಕೆ.ಜಿ. ಬೀಜವನ್ನು ತೇವದ ಮಣ್ಣು, ಪುಡಿ ಗೊಬ್ಬರದಲ್ಲಿ ಕಲಸಿ ಎರಚಬೇಕು. ಹಾಗೆ ಕಲಸದಿದ್ದರೆ ಮುಳ್ಳುಕೂದಲಿನ ಹಗುರ ಬೀಜ ಗಾಳಿಗೆ ಒಂದೇ ಮೂಲೆ ಸೇರುತ್ತದೆ. ಆಳಕ್ಕೆ ಮುಚ್ಚಬಾರದು, ಮುಳ್ಳುಕೊಂಬೆ ಎಳೆದರೆ ಸಾಕು. ಆಳಕ್ಕೆ ಹೋದ ಬೀಜ ಮೇಲೆ ಬರುವುದು ಕಷ್ಟ. ಕುಂಟೆ, ಟ್ರ್ಯಾಕ್ಟರ್ ಏನೂ ಬೇಡ. ಅಂಜನ ಹುಲ್ಲಿನಂಥ ತಳಿಗಳ ಬೀಜ, ಸಲಹೆ ಬೇಕಾದರೆ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲೇ ಇದೆ.

ಬಿತ್ತುವುದಕ್ಕಿಂತ ಕಷ್ಟದ ಕೆಲಸ ಕಾಯುವುದು. ಗೋಮಾಳ ಪೂರ್ತಿ ಮುಚ್ಚಿದರೆ ಕುರಿಗಾರರು ಬೇಲಿ ಮುರಿಯುತ್ತಾರೆ, ಮುರಿಯದೆ ಇನ್ನೇನು ಮಾಡಿಯಾರು? ಜಾಗವನ್ನು ನಾಲ್ಕು ಪಾಲು ಮಾಡಿ ವರ್ಷಕ್ಕೆ ಒಂದನ್ನು ಮಾತ್ರ ಜೂನ್‌ನಿಂದ ನವೆಂಬರ್ ತನಕ ಮೇಯಿಸದೆ ಬಿಡಬೇಕು. ಬೀಜ ಉದುರಿದ ಮೇಲೆ ಆ ಪಾಲಿನ ಹುಲ್ಲನ್ನು ಕುಡುಗೋಲಿನಲ್ಲಿ ಕೊಯ್ಯುವ ಹಕ್ಕು ಯಾರು ಮೇಯಿಸದೆ ಬಿಟ್ಟರೋ ಅವರಿಗೇ ಇರಲಿ. ಸರದಿ ಯಾರದು ಎಂಬುದನ್ನು ಹಟ್ಟಿಯ ಹಿರಿಯರು ಕೂತು ತೀರ್ಮಾನಿಸಿದರೆ ಕಾವಲುಗಾರನ ಖರ್ಚೂ ಉಳಿಯುತ್ತದೆ.

ಇನ್ನು ಬಳ್ಳಾರಿ ಜಾಲಿ. 1870ರ ದಶಕದಲ್ಲಿ ಅಮೆರಿಕ ಖಂಡದಿಂದ ಈ ದೇಶಕ್ಕೆ ಬಂದ ಗಿಡಕ್ಕೆ ನಾಡಿನಲ್ಲೆಲ್ಲ ನಮ್ಮ ಜಿಲ್ಲೆಯ ಹೆಸರು ಅಂಟಿಕೊಂಡಿದೆ, ತೊಳೆದುಕೊಳ್ಳುವುದು ಕಷ್ಟ. ಇದನ್ನು ತೆಗೆಸುವ ಗುತ್ತಿಗೆಗಳು ಮಾಡುವ ತಪ್ಪು ಎಲ್ಲ ಕಡೆ ಒಂದೇ. ಹರಾಜು ಕಟ್ಟಿಗೆಗೆ ಆಗುತ್ತದೆ, ಬುಡಕ್ಕೆ ಆಗುವುದಿಲ್ಲ. ಗುತ್ತಿಗೆದಾರ ನೆಲದಿಂದ ಮೊಳಕಾಲೆತ್ತರ ಬಿಟ್ಟು ಕಡಿದು, ಸೌದೆ ಇಲ್ಲವೇ ಇದ್ದಿಲು ಮಾಡಿ ಹೋಗುತ್ತಾನೆ. ಮುಂದಿನ ಮಳೆಗೆ ಒಂದು ಕಾಂಡ ಇದ್ದ ಕಡೆ ಹತ್ತು ಚಿಗುರು. ಚಿಗುರುವ ಕಣ್ಣುಗಳಿರುವುದು ಕಾಂಡ ಮತ್ತು ಬೇರು ಸೇರುವ ಗಂಟಿನಲ್ಲಿ, ಮಣ್ಣಿನಡಿ ಒಂದು ಅಡಿಯೊಳಗೆ. ಆ ಗಂಟು ಪೂರ್ತಿ ಹೊರಬರುವಂತೆ ಕನಿಷ್ಠ 30 ಸೆಂ.ಮೀ. ಅಗೆದು ಬೇರು ಕತ್ತರಿಸಿದರೆ ಮಾತ್ರ ಗಿಡ ಸಾಯುತ್ತದೆ. ಅದಕ್ಕಿಂತ ಕೆಳಗಿನ ಬೇರು ಉಳಿದರೂ ಅದರಿಂದ ಚಿಗುರು ಬರುವುದಿಲ್ಲ, ಆದ್ದರಿಂದ ಆಳುದ್ದ ಅಗೆದು ನೆಲ ಹಾಳು ಮಾಡುವುದೂ ಬೇಡ. ಬಿಲ್ಲು ಪಾವತಿಸುವಾಗ ಸೌದೆಯ ಟನ್ ನೋಡದೆ ಕಿತ್ತ ಗಂಟುಗಳನ್ನು ಎಣಿಸಿ ಕೊಡುವ ಷರತ್ತು ಹಾಕಿದರೆ ಅರ್ಧ ಸಮಸ್ಯೆ ಮುಗಿಯಿತು.

ಕಾಲವೂ ಮುಖ್ಯ. ಕಾಯಿ ಹಣ್ಣಾಗುವ ಬೇಸಿಗೆಗೆ ಮೊದಲೇ ದೊಡ್ಡ ಗಿಡ ಎದ್ದಿರಬೇಕು. ಸಿಹಿ ಕಾಯಿಯನ್ನು ದನ, ಕುರಿ, ಹಂದಿ ತಿಂದು ಸಗಣಿ, ಹಿಕ್ಕೆಯಲ್ಲಿ ಬೀಜವನ್ನು ಊರೆಲ್ಲ ಹಂಚುತ್ತವೆ. ಹೊಟ್ಟೆ ಹಾದು ಬಂದ ಬೀಜ ಇನ್ನೂ ಚೆನ್ನಾಗಿ ಮೊಳೆಯುತ್ತದೆ. ಗೇಣುದ್ದದ ಸಸಿಗಳನ್ನು ಆಗಸ್ಟ್–ಸೆಪ್ಟೆಂಬರ್‌ನಲ್ಲಿ ನೆಲ ತೇವ ಇದ್ದಾಗ ಕೈಯಲ್ಲೇ ಕೀಳಬಹುದು. ಮಣ್ಣಿನಲ್ಲಿ ಬಿದ್ದ ಬೀಜ ವರ್ಷಗಟ್ಟಲೆ ಕಾಯುವುದರಿಂದ ಕನಿಷ್ಠ ಮೂರು ಮಳೆಗಾಲ ಅದೇ ಜಾಗಕ್ಕೆ ಮರಳಿ ಬಂದು ಸಸಿ ಕೀಳುವ ಹಣವನ್ನು ಮೊದಲ ಅಂದಾಜಿನಲ್ಲೇ ಇಡಬೇಕು. ಒಂದೇ ವರ್ಷದ ಕೆಲಸವಾದರೆ ಮಾಡದಿರುವುದೇ ಲೇಸು. ತೆಗೆದ ಗುಂಡಿ ಮುಚ್ಚಿ ಆ ಜಾಗಕ್ಕೆ ಹುಲ್ಲಿನ ಬೀಜ ಹಾಕಲೇಬೇಕು. ಮತ್ತೊಂದು ಎಚ್ಚರ: ಹಳ್ಳದ ದಂಡೆಯ ಜಾಲಿಪೊದೆಗಳಲ್ಲಿ ಈಗ ತೋಳ, ನರಿ, ಕಾಡುಬೆಕ್ಕು ಆಸರೆ ಪಡೆದಿವೆ. ಅಲ್ಲಿ ಒಂದೇ ಸಲ ಬೋಳಿಸದೆ, ಮೂರನೇ ಒಂದು ಭಾಗದಂತೆ ತೆಗೆದು ಅಲ್ಲಿ ಬಾರೆ, ಕವಳೆ, ಲೆಕ್ಕಿ ಬೆಳೆಸಿ ಮುಂದೆ ಸಾಗಬೇಕು. ಇದ್ದಿಲು ಸುಟ್ಟು ಬದುಕುವ ಬಡ ಕುಟುಂಬಗಳೂ ಇವೆ. ಗಂಟು ಕೀಳುವ ಕೂಲಿ ಮತ್ತು ಕಟ್ಟಿಗೆ ಎರಡನ್ನೂ ಅವರಿಗೇ ಕೊಟ್ಟರೆ ಗುತ್ತಿಗೆದಾರನ ಅಗತ್ಯವೇ ಬೀಳುವುದಿಲ್ಲ.

ತೋಳದ ವಿಷಯದಲ್ಲಿ ಡಿಸೆಂಬರ್‌ನಿಂದ ಮಾರ್ಚ್ ತನಕ ಸೂಕ್ಷ್ಮ ಕಾಲ, ಮರಿಗಳು ಗುಹೆಯಲ್ಲಿರುತ್ತವೆ. ಗುಹೆ ಎಂದರೆ ಹೆಚ್ಚಾಗಿ ಹಳ್ಳದ ಕೊರಕಲು ದಂಡೆಯ ತೋಡು ಅಥವಾ ಬಂಡೆಯಡಿಯ ಪೊಟರೆ. ಬದು ನಿರ್ಮಾಣ, ಹಳ್ಳ ಹೂಳೆತ್ತುವ ಕೆಲಸ ಆರಂಭವಾಗುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. ಜೆಸಿಬಿ ಇಳಿಸುವ ಮುನ್ನ ದಂಡೆಯುದ್ದಕ್ಕೂ ಒಮ್ಮೆ ನಡೆದು ನೋಡಬೇಕು. ಬಾಯಿ ಸವೆದು ನುಣುಪಾದ ತೋಡು, ಎದುರಿಗೆ ತುಳಿದ ಮಣ್ಣು, ಸುತ್ತ ಎಲುಬಿನ ಚೂರು, ಕೂದಲು ತುಂಬಿದ ಬಿಳಿಚಿದ ಹಿಕ್ಕೆ ಕಂಡರೆ ಆ ಕೆಲಸ ಏಪ್ರಿಲ್‌ಗೆ ಮುಂದೂಡಬೇಕು. ಮೊಬೈಲ್ ಹಿಡಿದು ಹತ್ತಿರ ಹೋದರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತದೆ, ಆ ಸಾಗಾಟದಲ್ಲಿ ನಾಯಿಗೆ ಸಿಕ್ಕು ಸಾಯುವ ಮರಿಗಳಿವೆ.

ನಾಯಿಯೇ ಈಗ ತೋಳದ ಮುಖ್ಯ ವೈರಿ ಎಂದರೆ ಉತ್ಪ್ರೇಕ್ಷೆಯಲ್ಲ. ಕೋಳಿ ಅಂಗಡಿಯ ತ್ಯಾಜ್ಯ, ಸತ್ತ ದನಗಳನ್ನು ಊರಾಚೆ ಸುರಿದಲ್ಲಿ ನಾಯಿ ಹಿಂಡು ಬೆಳೆಯುತ್ತದೆ. ಅವು ಕುರಿಮರಿ ಕೊಂದಾಗ ಹೆಸರು ತೋಳಕ್ಕೆ. ಡಿಸ್ಟೆಂಪರ್, ರೇಬಿಸ್‌ನಂಥ ರೋಗ ದಾಟಿಸುವುದು ಒಂದಾದರೆ, ತೋಳದ ಜತೆ ಕೂಡಿ ಮಿಶ್ರತಳಿ ಹುಟ್ಟಿಸುವುದು ಇನ್ನೊಂದು. ಮಹಾರಾಷ್ಟ್ರದಲ್ಲಿ ಇದು ದೃಢಪಟ್ಟಿದೆ. ಬಂಕಾಪುರದ ಸುತ್ತಲಿನ ಪಂಚಾಯಿತಿಗಳು ಮೊದಲು ಮಾಡಬೇಕಾದದ್ದು ಕೋಳಿ ತ್ಯಾಜ್ಯಕ್ಕೆ ಮುಚ್ಚಳವಿರುವ ಆಳದ ಗುಂಡಿ (ಗುಂಡಿ ತೋಡಲೇಬೇಕೆಂದರೆ ಇಲ್ಲಿ ತೋಡಲಿ) ಮತ್ತು ಹಟ್ಟಿ ನಾಯಿಗಳೂ ಸೇರಿದಂತೆ ವರ್ಷಕ್ಕೊಮ್ಮೆ ಲಸಿಕೆ. ಕುರಿ ಹೋದವರಿಗೆ ಪರಿಹಾರ ತಡವಾದರೆ ಸತ್ತ ಕುರಿಗೆ ವಿಷ ಸವರುವವರು ಹುಟ್ಟಿಕೊಳ್ಳುತ್ತಾರೆ. ಆ ವಿಷಕ್ಕೆ ತೋಳ ಮಾತ್ರವಲ್ಲ, ನರಿ, ಬಿಳಿ ರಣಹದ್ದು, ಕುರಿಗಾರನ ಸ್ವಂತ ನಾಯಿಯೂ ಬಲಿ. ಪಶುವೈದ್ಯರ ಪಂಚನಾಮೆ ಅದೇ ದಿನ ಆಗುವ ವ್ಯವಸ್ಥೆ ಇದ್ದರೆ ಈ ಸರಣಿ ಶುರುವಾಗುವುದೇ ಇಲ್ಲ.

ಎರೆ ಸೀಮೆಯ ಕಥೆ ಬೇರೆ. ಸಿರುಗುಪ್ಪ ತಾಲ್ಲೂಕಿನ ಮಳೆಯಾಶ್ರಿತ ಹೊಲಗಳಲ್ಲಿ ಎರೆಭೂತ, ಅಂದರೆ ದೊರವಾಯನ ಹಕ್ಕಿ, ಬೆರಳೆಣಿಕೆಯಷ್ಟು ಉಳಿದಿದೆ. ಗಂಡು 15 ಕೆ.ಜಿ. ತನಕ ತೂಗುವ ಈ ಹಕ್ಕಿ ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ, ಸುಮಾರು ನಾಲ್ಕು ವಾರ ಕಾವು ಕೂರುತ್ತದೆ. ಜೋಳ, ಕಡಲೆ, ಕುಸುಬೆಯ ಹೊಲ ಮತ್ತು ನಡುವೆ ಪಡ ಬಿದ್ದ ನೆಲ ಅದಕ್ಕೆ ಒಗ್ಗುತ್ತದೆ. ನೀರು ಬಂದು ಭತ್ತ, ಮೆಣಸಿನಕಾಯಿ, ಹತ್ತಿ ಹಬ್ಬಿದರೆ ಒಗ್ಗುವುದಿಲ್ಲ. ಕಣ್ಣು ತಲೆಯ ಎರಡು ಬದಿಗಿರುವುದರಿಂದ ಎದುರಿನ ತಂತಿ ತಡವಾಗಿ ಕಾಣುತ್ತದೆ, ಭಾರದ ದೇಹ ಥಟ್ಟನೆ ತಿರುಗದು, ಹಾಗಾಗಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ರಾಜಸ್ಥಾನ, ಗುಜರಾತಿನ ತಂತಿಗಳ ಬಗ್ಗೆ ಸುಪ್ರೀಂ ಕೋರ್ಟ್ 2021ರಲ್ಲಿ ಆದೇಶ ಕೊಟ್ಟಿದ್ದು ಇದೇ ಕಾರಣಕ್ಕೆ. ಇಲ್ಲಿ ಹೊಸ ತಂತಿ ಎಳೆಯುವ ಮೊದಲೇ ಹಕ್ಕಿ ಇರುವ ಹೊಲಗಳ ಮೇಲೆ ಹಾಯದಂತೆ ಮಾರ್ಗ ಬದಲಿಸಬೇಕು, ಅನಿವಾರ್ಯವಾದ ಕಡೆ ಭೂಗತ ಕೇಬಲ್ ಹಾಕಬೇಕು. ಗೂಡು ಕಂಡ ರೈತನಿಗೆ ಆ ತುಂಡು ಹೊಲ ಮರಿ ಏಳುವ ತನಕ ಉಳದೆ ಬಿಟ್ಟಿದ್ದಕ್ಕೆ ಎಕರೆವಾರು ಪರಿಹಾರವನ್ನು ಅದೇ ಹಂಗಾಮಿನಲ್ಲಿ ಕೊಡಬೇಕು. ಹಕ್ಕಿ ಇರುವ ಜಾಗವನ್ನು ಮಾತ್ರ ಪತ್ರಿಕೆಯಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಬರೆಯಬಾರದು.

ಸೌರ ಮತ್ತು ಗಾಳಿ ವಿದ್ಯುತ್ ಯೋಜನೆಗಳಿಗೆ ಪರಿಸರ ಪರಿಣಾಮ ಅಧ್ಯಯನದಿಂದ ವಿನಾಯಿತಿ ಇದೆ. ಆದ್ದರಿಂದ ಯಲಬುರ್ಗಾ, ಕುಷ್ಟಗಿ ಕಡೆಯ ಬಯಲಿಗೆ ಅವು ಬಂದಾಗ ಪ್ರಶ್ನೆ ಕೇಳಬೇಕಾದವರು ಪಂಚಾಯಿತಿಯವರೇ. ಬೇಲಿಯ ಕೆಳಗೆ ಗೇಣು–ಒಂದೂವರೆ ಗೇಣು ಸಂದು ಬಿಡುತ್ತೀರಾ, ಹಳ್ಳದ ಎರಡೂ ದಂಡೆ ಬೇಲಿಯಿಂದ ಹೊರಗಿವೆಯಾ, ಕಂಬದ ತುದಿಯಲ್ಲಿ ಹದ್ದು ಕೂತರೆ ಶಾಕ್ ಹೊಡೆಯದಂತೆ ತಂತಿಗೆ ಕವಚ ಹಾಕಿದ್ದೀರಾ ಎಂದು ಕೇಳಲು ಎಂಜಿನಿಯರ್ ಆಗಬೇಕಿಲ್ಲ.

ಬಂಡೆಗುಡ್ಡಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಏಕೆಂದರೆ ಮಾಡಬೇಕಾದದ್ದು ಒಂದೇ: ಮುಟ್ಟದಿರುವುದು. ಹಂಪಿ–ಆನೆಗೊಂದಿ ಭಾಗದ ಈ ಕಲ್ಲು ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಗೆ ಸೇರಿದ್ದು, ವಯಸ್ಸು ಸುಮಾರು 250 ಕೋಟಿ ವರ್ಷ. ಬಂಡೆಗಳ ಸಂದಿನಲ್ಲಿ ಕರಡಿ, ಚಿರತೆ, ಗೂಬೆ, ಬಾವಲಿ. ಬುಡದ ಕುರುಚಲಿನಲ್ಲಿ ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡ ಬಿಟ್ಟು ಬೇರೆಲ್ಲೂ ಸಿಗದ ಹಳದಿ ಕೊರಳಿನ ಪಿಕಳಾರ. ಗಿಡವನ್ನಾದರೆ ಮತ್ತೆ ನೆಡಬಹುದು, ಸಿಡಿಸಿದ ಬಂಡೆಯನ್ನು ಯಾವ ಪುನಶ್ಚೇತನ ಯೋಜನೆಯೂ ಕೂರಿಸಲಾರದು. 1994ರಲ್ಲಿ ಶುರುವಾಗಿ ಈಗ 82.72 ಚದರ ಕಿ.ಮೀ.ಗೆ ಹಿಗ್ಗಿರುವ ದರೋಜಿ ಕರಡಿಧಾಮದ ಯಶಸ್ಸಿಗೂ ಕಾರಣ ಗುಡ್ಡ ಮತ್ತು ಅದರ ಸುತ್ತಲಿನ ಜಾನೆ, ಉಲುಪಿ, ಕವಳೆ, ಬಾರೆ ಗಿಡಗಳು, ಮತ್ತು ಹುತ್ತಗಳು. ಸಂಜೆ ಬಂಡೆಗೆ ಬೆಲ್ಲದ ಪಾಕ ಸವರುವುದು ನೋಡಲು ಬಂದವರ ಅನುಕೂಲಕ್ಕೆ, ಕರಡಿಯ ಹೊಟ್ಟೆಗಲ್ಲ. ಧಾಮದ ಹೊರಗಿನ ಗುಡ್ಡಗಳಲ್ಲಿ ಸಸಿ ನೆಡಲು ನಿಜಕ್ಕೂ ಜಾಗ ಇದೆ. ಆದರೆ ಅದು ಗುಡ್ಡದ ಬುಡದಲ್ಲಿ, ಇವೇ ಹಣ್ಣಿನ ಗಿಡಗಳಿಗೆ, ಅಲ್ಲಲ್ಲಿ ಗುಂಪಾಗಿ. ಸಾಲು ಸಾಲಾಗಿ ಅಲ್ಲ, ಅಕೇಶಿಯಾ ಅಂತೂ ಅಲ್ಲವೇ ಅಲ್ಲ. ಧಾಮದ ಹೊರಗೆ ಹಣ್ಣು ಮುಗಿದ ವರ್ಷ ಕರಡಿ ಶೇಂಗಾ, ಮೆಕ್ಕೆಜೋಳದ ಹೊಲಕ್ಕೆ ಬರುತ್ತದೆ. ಆ ಜಗಳ ತಪ್ಪಿಸುವುದಕ್ಕೂ ಇದೇ ದಾರಿ.

ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ನದಿಯ ಮೀಸಲಿಗೆ ಬೇಲಿ ಹಾಕಲಾಗದು, ಹಾಗಾಗಿ ಕಾಯಬೇಕಾದದ್ದು ಮೂರು: ನೀರು, ಮರಳು, ದಂಡೆ. ಬೇಸಿಗೆಯಲ್ಲಿ ಜಲಾಶಯದಿಂದ ನದಿಗೆ ಹರಿವು ನಿಂತಾಗ ಉಳಿಯುವುದು ಮಡುಗಳು ಮಾತ್ರ. ಎರಡೂ ದಂಡೆಯ ಪಂಪ್‌ಸೆಟ್‌ಗಳು ಆ ಮಡುಗಳಿಗೇ ಪೈಪ್ ಇಳಿಸುತ್ತವೆ. ಮಡು ಬತ್ತಿದರೆ ಮೀನು ಒಂದೇ ಕಡೆ ಒತ್ತೊತ್ತಾಗಿ ಸೇರುತ್ತದೆ. ಸಿಡಿಮದ್ದು ಎಸೆಯುವವರು ಬರುವುದು ಆಗಲೇ, ಒಂದು ಸಿಡಿತಕ್ಕೆ ಮರಿಮೀನಿನಿಂದ ಹಿಡಿದು ನೀರುನಾಯಿ ತನಕ ಎಲ್ಲವೂ ತೇಲುತ್ತದೆ. ಪ್ರತಿ ಊರಿನ ಮೀನುಗಾರರ ಸಂಘ ತನ್ನ ಪಾಲಿನ ಒಂದು ಆಳದ ಮಡುವನ್ನು ಬೇಸಿಗೆಯಲ್ಲಿ ಬಲೆ, ಪೈಪ್ ಎರಡಕ್ಕೂ ನಿಷೇಧಿಸಿಕೊಂಡರೆ ಮಳೆಗಾಲಕ್ಕೆ ತಳಿಮೀನು ಉಳಿಯುತ್ತದೆ. ಸಂಘಕ್ಕೂ ಇದು ನಷ್ಟದ ಬಾಬತ್ತಲ್ಲ. ನೀರುನಾಯಿ ಇದೆಯೇ ಎಂದು ತಿಳಿಯಲು ಕ್ಯಾಮೆರಾ ಬೇಕಿಲ್ಲ. ನೀರಿನಂಚಿನ ಎತ್ತರದ ಬಂಡೆ, ಮರಳಿನ ಮೂಲೆಯಲ್ಲಿ ಅದು ದಿನಾ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ಹಸಿಯಿದ್ದಾಗ ಕಪ್ಪು, ಒಣಗಿದಾಗ ಬೂದು; ಕಡ್ಡಿಯಿಂದ ಬಿಡಿಸಿದರೆ ಮೀನಿನ ಹುರುಪೆ, ಮುಳ್ಳು, ಏಡಿಚಿಪ್ಪಿನ ಕೆಂಪು ಚೂರು, ಮೂಗಿಗೆ ಒಣಮೀನಿನ ವಾಸನೆ. ಅಂಥ ಬಂಡೆಗಳನ್ನು ಗುರುತು ಮಾಡಿ ತಿಂಗಳಿಗೊಮ್ಮೆ ನೋಡಿದರೆ ಯಾವ ಪಾಲಿನಲ್ಲಿ ನೀರುನಾಯಿ ಓಡಾಟ ಕಡಿಮೆಯಾಗಿದೆ ಎಂಬುದು ಗೊತ್ತಾಗುತ್ತದೆ. ನಡುಗಡ್ಡೆಯ ಜೊಂಡಿಗೆ ಬೆಂಕಿ ಹಾಕಿ ಸಾಗುವಳಿಗೆ ಇಳಿಯುವುದನ್ನು ತಡೆಯದಿದ್ದರೆ ಮಿಕ್ಕದ್ದೆಲ್ಲ ವ್ಯರ್ಥ, ಮರಿಗಳು ಇರುವುದು ಅಲ್ಲೇ.

ರಾಯಚೂರು ಜಿಲ್ಲೆಯ ಕೃಷ್ಣಾ ದಂಡೆಯಲ್ಲಿ ಮೊಸಳೆಯದು ಇದೇ ಬಗೆಯ ಪೇಚು. ಅದು ಬೇಸಿಗೆಯ ಆರಂಭದಲ್ಲಿ ದಂಡೆಯ ಮರಳಿನಲ್ಲಿ ಕುಳಿ ತೋಡಿ ಮೊಟ್ಟೆ ಇಡುತ್ತದೆ, ಮರಿ ಬರಲು ಎರಡು ತಿಂಗಳ ಮೇಲೆ ಬೇಕು. ಮರಳು ತೆಗೆಯುವ ಭರಾಟೆಯೂ ಅದೇ ತಿಂಗಳುಗಳಲ್ಲಿ. ಜನ ನೀರಿಗಿಳಿಯುವ ಘಾಟುಗಳಲ್ಲಿ ಉಕ್ಕಿನ ಜಾಲರಿಯ ಆವರಣ ಕಟ್ಟಿದರೆ ಜನವೂ ದನವೂ ಉಳಿದಾರು, ಮೊಸಳೆ ಹಿಡಿದು ಬೇರೆಡೆ ಬಿಡಿ ಎಂಬ ಒತ್ತಾಯವೂ ತಗ್ಗೀತು. ಬೇರೆಡೆ ಬಿಟ್ಟ ಮೊಸಳೆ ಅನೇಕ ಸಲ ವಾಪಸ್ ಬರುತ್ತದೆ.

ಕೆರೆಗಳಲ್ಲಿ ಮಾತ್ರ ಮರ ಬೇಕು, ಅಲ್ಲೇ ನಾವು ಮರ ಕೀಳುತ್ತಿದ್ದೇವೆ! 2021ರ ತನಕ ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ವಿಜಯನಗರಕ್ಕೆ ಸೇರಿರುವ ಅಂಕಸಮುದ್ರ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಾಯಿತು, 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಕೊಕ್ಕರೆಗಳು ಗೂಡು ಕಟ್ಟುವುದು ನೀರಿನಲ್ಲಿ ನಿಂತ ಕರಿಜಾಲಿಯ ಮೇಲೆ. ಬುಡದಲ್ಲಿ ನೀರಿದ್ದರೆ ನಾಯಿ, ಬೆಕ್ಕು ಹತ್ತವು. ನಮ್ಮ ಮೂರೂ ಜಿಲ್ಲೆಗಳಲ್ಲಿ ಹೂಳೆತ್ತುವ ಕೆಲಸ ಆ ಕರಿಜಾಲಿಗಳನ್ನು ಬುಡಸಮೇತ ಎಬ್ಬಿಸಿ, ಕೆರೆಯನ್ನು ನೆಟ್ಟಗೆ ಗೋಡೆಯಿರುವ ತೊಟ್ಟಿ ಮಾಡುತ್ತದೆ. ಹೂಳು ತೆಗೆಯುವುದು ಕಟ್ಟೆಯ ಹತ್ತಿರದ ಆಳದಲ್ಲಿ ಮಾತ್ರ ಇರಲಿ. ನೀರು ಒಳಬರುವ ಕಡೆಯ ಇಳಿಜಾರು ಹಾಗೇ ಬಿಡಬೇಕು, ಏಕೆಂದರೆ ಉದ್ದ ಕಾಲಿನ ಹಕ್ಕಿಗಳಿಗೆ ಬೇಕಾದದ್ದು ಗೇಣುದ್ದದ ನೀರು. ಜಾಲಿ ಗುಂಪಿನ ಸುತ್ತ ಹತ್ತು ಮೀಟರ್ ಅಗೆಯಬಾರದು. ತೆಗೆದ ಹೂಳನ್ನು ಕೆರೆಯೊಳಗೇ ದಿಬ್ಬ ಮಾಡಿ ಕರಿಜಾಲಿ ಬೀಜ ಹಾಕಿದರೆ ಲಾರಿ ಬಾಡಿಗೆಯೂ ಉಳಿದೀತು.

ಸಂಡೂರಿನದ್ದು ಬೇರೆಯೇ ಪತ್ರ ಬೇಡುವ ವಿಷಯ. 2011ರಲ್ಲಿ ಗಣಿಗಾರಿಕೆ ನಿಲ್ಲಿಸಿದ ಸುಪ್ರೀಂ ಕೋರ್ಟ್ 2013ರಲ್ಲಿ ಬಳ್ಳಾರಿ ಜಿಲ್ಲೆಗೆ ವರ್ಷಕ್ಕೆ 2.5 ಕೋಟಿ ಟನ್ ಅದಿರಿನ ಮಿತಿ ಹಾಕಿತು. 2017ರಲ್ಲಿ ಅದು 2.8 ಕೋಟಿ ಆಯಿತು, 2022ರಲ್ಲಿ 3.5 ಕೋಟಿ. ಮಿತಿ ಏರಿದಷ್ಟೂ ತ್ಯಾಜ್ಯದ ಗುಡ್ಡ ಏರುತ್ತದೆ. ಅದರ ಇಳಿಜಾರು 28 ಡಿಗ್ರಿ ಮೀರಬಾರದೆಂಬುದು ಪರಿಸರ ಅನುಮತಿಗಳಲ್ಲಿ ಸಾಮಾನ್ಯವಾಗಿ ಇರುವ ಷರತ್ತು. ಮೀರಿದರೆ ಮೊದಲ ಜೋರು ಮಳೆಗೆ ಕೆಂಪು ಕೆಸರು ಹಳ್ಳ ಹಿಡಿದು ನಾರಿಹಳ್ಳ ಜಲಾಶಯದ ದಾರಿ ಹಿಡಿಯುತ್ತದೆ. ಬುಡಕ್ಕೆ ತಡೆಗೋಡೆ, ಸುತ್ತ ಚರಂಡಿ, ಚರಂಡಿ ತುದಿಗೆ ಹೂಳು ತಂಗುವ ಹೊಂಡ, ಇಳಿಜಾರಿಗೆ ತೆಂಗಿನ ನಾರಿನ ಚಾಪೆ, ಅದರ ಮೇಲೆ ಮೊದಲು ಹುಲ್ಲು, ಎರಡನೇ ವರ್ಷ ಬಂದರಿಕೆ, ತಂಗಡಿಯಂಥ ಪೊದೆ, ಆಮೇಲೆ ಮರ: ಕ್ರಮ ಇದು. ಹುಲ್ಲು ಬಿಟ್ಟು ನೇರವಾಗಿ ಮರಕ್ಕೆ ಹಾರಿದ ಕಡೆ ಎಲೆಯ ನೆರಳಿನಡಿ ಬರಿ ಮಣ್ಣು ಕೊರೆದು ಗುಂಡಿ ಬಿದ್ದಿರುತ್ತದೆ. ಹೊಂಡದ ಹೂಳು ಪ್ರತಿ ಮೇ ತಿಂಗಳಲ್ಲಿ ತೆಗೆಯದಿದ್ದರೆ ಅದು ಇದ್ದೂ ಇಲ್ಲ. ಕಿತ್ತ ಮೇಲ್ಮಣ್ಣನ್ನು ಎತ್ತರದ ರಾಶಿ ಹಾಕಿ ವರ್ಷಗಟ್ಟಲೆ ಇಟ್ಟರೆ ಅದರೊಳಗಿನ ಬೀಜ, ಸೂಕ್ಷ್ಮಜೀವಿ ಸಾಯುತ್ತವೆ. ತೆಳು ರಾಶಿ ಮಾಡಿ ಮುಂದಿನ ಮಳೆಗೇ ಬಳಸಬೇಕು. ಗಣಿ ಪರಿಸರ ಪುನಶ್ಚೇತನಕ್ಕೆ ಕೂಡಿಟ್ಟ ಹಣದ ಯೋಜನೆಯಲ್ಲಿ ರಸ್ತೆ, ರೈಲು, ವಸತಿ, ಕುಡಿಯುವ ನೀರು ಎಲ್ಲವೂ ಇದೆ. ಹುಲ್ಲಿನ ಬೀಜ ಮತ್ತು ಚರಂಡಿ ಹೂಳಿಗೂ ಅದರಲ್ಲೊಂದು ಖಾಯಂ ಬಾಬತ್ತು ಇರಲಿ.

ಇದಕ್ಕೆಲ್ಲ ಹೊಸ ಕಾನೂನು ಬೇಕಿಲ್ಲ. ಧಾಮಕ್ಕೆ ತಾಗಿದ ಅಥವಾ ಎರಡು ಧಾಮ ಜೋಡಿಸುವ ಸರ್ಕಾರಿ ಜಮೀನನ್ನು ವನ್ಯಜೀವಿ ಕಾಯ್ದೆಯ 36ಎ ಅಡಿ ಸಂರಕ್ಷಣಾ ಮೀಸಲು ಮಾಡಬಹುದು, ಊರಿನವರೊಂದಿಗೆ ಸಮಾಲೋಚನೆ ಅದರಲ್ಲಿ ಕಡ್ಡಾಯ. ಖಾಸಗಿ, ಸಮುದಾಯದ ಜಮೀನಿಗೆ 36ಸಿ ಇದೆ. ಜೀವವೈವಿಧ್ಯ ಕಾಯ್ದೆ 2002ರ 37ನೇ ಕಲಂ ಪ್ರಕಾರ ಸ್ಥಳೀಯ ಸಂಸ್ಥೆಗಳ ಜತೆ ಸಮಾಲೋಚಿಸಿ ಪಾರಂಪರಿಕ ತಾಣ ಘೋಷಿಸಬಹುದು. ಅದೇ ಕಾಯ್ದೆಯ 41ನೇ ಕಲಂ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಲೇಬೇಕು. ಸಮಿತಿ ಹಾಳೆಯ ಮೇಲೆ ಇರುವ ಕಡೆ ಅದರಲ್ಲಿ ಒಬ್ಬ ಕುರಿಗಾರ, ಒಬ್ಬ ಮೀನುಗಾರ, ಬೇರು–ಸೊಪ್ಪು ಬಲ್ಲ ಒಬ್ಬ ಹೆಣ್ಣುಮಗಳನ್ನು ಸೇರಿಸಿದರೆ ಊರಿನ ಜೀವಸಂಪತ್ತನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಒಂದೂರಿನದ್ದನ್ನು ಇನ್ನೊಂದೂರಿಗೆ ನಕಲು ಮಾಡಿದಂತೆ ಇರುವುದಿಲ್ಲ.

ತತ್‌ಕ್ಷಣಕ್ಕೆ ಕೇಳುವುದು ಸಣ್ಣದು. ಸಸಿ ನೆಡುವ ಪ್ರಸ್ತಾವದ ನಮೂನೆಯಲ್ಲಿ ಈಗ ಸರ್ವೆ ನಂಬರ್, ವಿಸ್ತೀರ್ಣ, ಸಸಿ ಸಂಖ್ಯೆ ಇವೆ. ಅದಕ್ಕೆ ನಾಲ್ಕು ಕಾಲಂ ಸೇರಲಿ: ಜಾಗ ಹುಲ್ಲುಗಾವಲೋ, ಬಂಡೆಗುಡ್ಡವೋ, ಕೆರೆ ಅಂಗಳವೋ, ನದಿ ದಂಡೆಯೋ, ಅಲ್ಲಿ ಮೇಯಿಸುವವರು ಯಾರು, ಯಾವ ತಿಂಗಳು ಯಂತ್ರ ಇಳಿಸಬಾರದು, ಮೂರು ವರ್ಷದ ನಿರ್ವಹಣೆಗೆ ಹಣ ಎಷ್ಟು. ಹುಲ್ಲುಗಾವಲು ಎಂದು ತುಂಬಿದ ಅರ್ಜಿಗೆ ಗುಂಡಿ, ಕಂದಕದ ಬದಲು ಬೀಜ ಬಿತ್ತನೆ ಮತ್ತು ಜಾಲಿ ತೆಗೆಯುವ ಅಂದಾಜು ಮಂಜೂರಾಗಲಿ. ಮೂರೂ ಜಿಲ್ಲಾ ಪಂಚಾಯಿತಿಗಳು ಅರಣ್ಯ ಇಲಾಖೆಯ ಜತೆ ಕೂತು ಈ ಸಾಲಿನ ಕ್ರಿಯಾ ಯೋಜನೆಗೆ ಅನುಮೋದನೆ ಕೊಡುವ ಮೊದಲೇ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇವೆ.

ಇಂತಿ,
ಗಂಗಾವತಿ, ಕನಕಗಿರಿ, ಸಿರುಗುಪ್ಪ ಭಾಗದ ಓದುಗರು